ಸೋತವನ ಹೆಸರು ಮೊದಲು

ಶಿವಪ್ಪ ಪೈಲ್ವಾನರು ಮೈಕು ಹಿಡಿದರೆ ಗೆದ್ದವನಿಗಿಂತ ಮೊದಲು ಸೋತವನ ಹೆಸರು ಕೇಳುತ್ತಿತ್ತು. ಅದೂ ಊರು, ಅಪ್ಪನ ಹೆಸರು ಸಮೇತ. "ಕಳಸಾಪುರದ ನಿಂಗಪ್ಪನ ಮಗ ಮಲ್ಲಪ್ಪ. ಚಲೋ ಆಡ್ಯಾನ. ಮನಿಯವರು ಬಂದು ಕರಕೊಂಡ ಹೋಗ್ರಿ!" ಗದಗ, ಮುಂಡರಗಿ, ಶಿರಹಟ್ಟಿ, ಎಲ್ಲೇ ಕುಸ್ತಿಯಿರಲಿ, ಈ ಮಾತು ತಪ್ಪುತ್ತಿರಲಿಲ್ಲ.

ಬೆಟಗೇರಿಯಲ್ಲಿ ನಮ್ಮಿಬ್ಬರದು ಒಂದೇ ಗೋಡೆಯ ಮನೆ. ನಾನು ಶಾಲಾ ಮಾಸ್ತರ. ಅವರದು ಮುದುಡಿದ ಕಿವಿ, ಎಳೆದು ಹಾಕುವ ಎಡಗಾಲು. ಮಾತಾಡಿದರೆ ನಮ್ಮ ಪಡಸಾಲೆಯ ತಂಬಿಗೆ ಅಲುಗಬೇಕು. ನನ್ನ ಹೆಂಡತಿ ಗೊಣಗಿದರೆ, "ಸಣ್ಣ ದನಿ ದೇವರ ಕೊಡಲಿಲ್ಲ ನೋಡ ತಂಗಿ" ಎಂದು ಅದೇ ದೊಡ್ಡ ದನಿಯಲ್ಲಿ ಹೇಳುವರು.

ಮುಂಡರಗಿಯಲ್ಲಿ ಒಮ್ಮೆ ಹಿರಿಯರೊಬ್ಬರು ರೇಗಿದರು: "ಗೆದ್ದಾಂವಗ ಪಟಗಾ ಸುತ್ತೋದ ಬಿಟ್ಟು, ಬಿದ್ದಾಂವನ ಹಿಡಕೊಂಡ ಕುಂತಿಯಲ್ಲೋ!"

"ಗೆದ್ದಾಂವನ್ನ ಹೆಗಲಮ್ಯಾಲೆ ಹೊತಗೊಂಡಿರ್ತೀರಿ, ಎಲ್ಲಾರಿಗೂ ಕಾಣತಾನ್ರಿ. ಬಿದ್ದಾಂವನ್ನ ಅವರಪ್ಪ ಎಲ್ಲಿ ಹುಡುಕಬೇಕ್ರಿ?"

ಆ ಮಾತಿನ ಮೂಲ ಬಸ್ಸಿನಲ್ಲಿ ವಾಪಸು ಬರುವಾಗ ತಿಳಿಯಿತು. ಎಪ್ಪತ್ತರ ಇಸವಿಯ ಸುಮಾರಿಗೆ ಶಿರಹಟ್ಟಿ ಸೀಮೆಯಲ್ಲಿ ಶಿವಪ್ಪನವರನ್ನು ಕೆಡವಿದವರಿರಲಿಲ್ಲ. ಲಕ್ಷ್ಮೇಶ್ವರದಲ್ಲಿ ಬಿದ್ದರು, ಮೊಣಕಾಲು ಮುರಿಯಿತು. ಜನ ಗೆದ್ದವನನ್ನು ಹೊತ್ತು, ಹಲಗೆ ಬಾರಿಸುತ್ತ ಹೋದರು. ಅಡರಕಟ್ಟಿಯಿಂದ ಬಂದಿದ್ದ ಅಪ್ಪ ಈರಪ್ಪ ಆ ಗದ್ದಲದಲ್ಲಿ ಮಗನಿಗಾಗಿ ಅಲೆದರು. "ಅಪ್ಪ ನನ್ನ ಹೆಸರ ಹಿಡದು ಒದರೋದು ಕೇಳತಿತ್ತ್ರಿ ಮಾಸ್ತರ. ಬ್ಯಾನಿಗೆ ನನ್ನ ದನಿನ ಹೊಂಡಲಿಲ್ಲ" ಎಂದರು. ಕುಸ್ತಿ ಅಲ್ಲಿಗೆ ಮುಗಿದು, ಕೈಗೆ ಮೈಕು ಬಂತು.

ಎಂಬತ್ತರ ದಶಕದ ನಡುವೆ ಗಂಟಲಿಗೆ ಹುಣ್ಣಾಯಿತು. ಹುಬ್ಬಳ್ಳಿಯಲ್ಲಿ ಕೊಯ್ದರು. ಜೀವ ಸ್ವಲ್ಪ ಕಾಲ ಉಳಿಯಿತು, ದನಿ ಹೋಯಿತು. ಆಮೇಲೂ ಕುಸ್ತಿಗೆ ಬರುವರು; ಮೈಕಿನಲ್ಲಿ ಬೇರೆಯವನು, ಗೆದ್ದವನ ಹೆಸರಷ್ಟೇ ಕೂಗುವವನು. ಸೋತ ಹುಡುಗ ತಲೆ ತಗ್ಗಿಸಿ ಹಗ್ಗದಡಿ ನುಸುಳಿದರೆ ಇವರು ಅವನ ಬೆನ್ನಿನ ಕೆಂಪು ಮಣ್ಣು ಒರೆಸಿ, ಬಾಯಿ ಆಡಿಸುವರು. ಏನೂ ಕೇಳುತ್ತಿರಲಿಲ್ಲ. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ತೀರಿಕೊಂಡಾಗ ಅಡರಕಟ್ಟಿಯಲ್ಲಿ ಈರಪ್ಪನವರ ಸಮಾಧಿಯ ಪಕ್ಕದಲ್ಲೇ ಕುಣಿ ತೋಡಿದ್ದರು. ಗರಡಿಯ ಹುಡುಗರು ಟವಲಿನಲ್ಲಿ ಕಟ್ಟಿ ತಂದ ಕೆಂಪು ಮಣ್ಣು ಹಾಕಿದರು. ಶಿವಪ್ಪನವರನ್ನು ಹೀಗೆ ಸದ್ದಿಲ್ಲದೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಪಾಠ ಹೇಳುವ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ:

"ಅಡರಕಟ್ಟಿಯ ಈರಪ್ಪನ ಮಗ ಶಿವಪ್ಪ. ಚಲೋ ಆಡ್ಯಾನ. ಮನಿಯವರು ಬಂದು ಕರಕೊಂಡ ಹೋಗ್ರಿ!"