ಕಾಲು ಮುಂದಾಗಿ ಹುಟ್ಟಿದವಳ ಸೊಂಟನೋವು

ನಾನು ಕಾಲು ಮುಂದಾಗಿ ಹುಟ್ಟಿದವಳು. ತಲೆ ಕಾಣಬೇಕಾದ ಕಡೆ ಪಾದ ಕಂಡು ಸೂಲಗಿತ್ತಿಯೇ ಬೆವತುಹೋದಳಂತೆ. ಹಾಗೆ ಹುಟ್ಟಿದವರ ಹಿಮ್ಮಡಿಗೆ ಉಳುಕು ತೆಗೆಯುವ ಗುಣ ಇರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಸೊಂಟ ಹಿಡಿದವರು ಬೆಳಿಗ್ಗೆ ಬಾಯಿಗೆ ನೀರೂ ಹಾಕದೆ ಬಂದು, ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು, ಬೀದಿ ಕಡೆ ಮುಖ ಮಾಡಿ ಹೊಸ್ತಿಲ ಮೇಲೆ ನಿಲ್ಲಬೇಕು. ನಾವು ಹಿಂದಿನಿಂದ ಎಡಗಾಲ ಹಿಮ್ಮಡಿಯಲ್ಲಿ ಮೂರು ಸಲ ಒದೆಯಬೇಕು. ಒದೆಸಿಕೊಂಡವರು ತಿರುಗಿ ನೋಡದೆ, ಬರ್ತೀನಿ ಅಂತಲೂ ಅನ್ನದೆ ಹೊರಟುಹೋಗಬೇಕು.

ಸಾಸಲು ಹೋಬಳಿಯ ಈ ಊರಿಗೆ ಸೊಸೆಯಾಗಿ ಬಂದೆ, ಪಕ್ಕದ ಊರಿನ ಶಾಲೆಯಲ್ಲಿ ಟೀಚರಾದೆ. ಆದರೆ ನನ್ನ ಕಾಲಿಗೆ ಬಂದ ಹೆಸರು ನನ್ನ ಪಾಠಕ್ಕೆ ಬರಲಿಲ್ಲ. ತರಗತಿಯಲ್ಲಿ ನಿಂತು ಗ್ರಹಣದ ದಿನ ಧಾರಾಳವಾಗಿ ಊಟ ಮಾಡಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಅದೇ ಬೆಳಿಗ್ಗೆ ಆ ಮಕ್ಕಳ ಅಪ್ಪನನ್ನೋ ಅಜ್ಜಿಯನ್ನೋ ಒದ್ದು ಬಂದಿರುತ್ತಿದ್ದೆ. ವಿಜ್ಞಾನಕ್ಕೂ ಹಿಮ್ಮಡಿಗೂ ಹೇಗೆ ಹೊಂದುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಹೋಗಲಿಲ್ಲ. ನೋವು ಹೋಯಿತು ಎಂದು ಬಾಯಿತುಂಬ ಹೇಳುವವರ ಮುಂದೆ ವಾದ ಯಾಕೆ?

ಕಷ್ಟವಾದದ್ದು ನಮ್ಮ ಯಜಮಾನರ ಸೊಂಟ ಹಿಡಿದಾಗ. ಮದುವೆಯಾದ ವರ್ಷ, ರಾಗಿ ಕೊಯ್ಲಿನ ಕಾಲ. ಗಂಡನನ್ನು ಕಾಲಲ್ಲಿ ಮುಟ್ಟುವುದುಂಟೇ ಎಂದು ನಮ್ಮತ್ತೆ ನಡುಮನೆಯಲ್ಲಿ ಅಡ್ಡ ನಿಂತರು. ಯಜಮಾನರು ಚೌಕಟ್ಟು ಹಿಡಿದುಕೊಂಡೇ, "ಊರಿಗೆಲ್ಲಾ ಆಗೋ ಔಷ್ದಿ ನಂಗ್ಯಾಕ್ ಬ್ಯಾಡ ಅಂತೀಯವ್ವ?" ಅಂದರು. ಅತ್ತೆ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದರು. ನಾನು ಹೆದರಿ ಹೆದರಿ ಹಿಮ್ಮಡಿ ಮುಟ್ಟಿಸಿದೆ. "ಇದೇನ್ ಒದೆಯೋದೋ, ಗಂಧ ಹಚ್ಚೋದೋ?" ಎಂದು ಅವರು ಬೀದಿ ಕಡೆ ನೋಡಿಕೊಂಡೇ ನಕ್ಕರು.

ಆಮೇಲೆ ಪ್ರತಿ ಸುಗ್ಗಿಗೂ ಅವರ ಸೊಂಟ ಹಿಡಿಯತೊಡಗಿತು. ಕೆಲವು ಸಲ ಹಿಡಿಯದೆಯೂ ಬಂದು ನಿಲ್ಲುತ್ತಿದ್ದರು. ನನಗೆ ಗೊತ್ತಿತ್ತು, ಅವರಿಗೂ ನನಗೆ ಗೊತ್ತಿರುವುದು ಗೊತ್ತಿತ್ತು. ತುಂಬಿದ ಮನೆ. ಅತ್ತೆ, ಮಾವ, ಮೈದುನಂದಿರು, ಜಗಲಿಯಲ್ಲಿ ಸದಾ ಯಾರಾದರೊಬ್ಬರು. ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಮುಟ್ಟಿಕೊಳ್ಳಲು ಆ ಮನೆಯಲ್ಲಿ ಇದ್ದ ನೆಪ ಅದೊಂದೇ. ಮೂರನೇ ಸಲ ಇಟ್ಟ ಹಿಮ್ಮಡಿಯನ್ನು ಬೇಗ ತೆಗೆಯುತ್ತಿರಲಿಲ್ಲ. ಬೆವರಿನ ಅಂಗಿಯ ಕೆಳಗೆ ಅವರ ಬೆನ್ನು ಬಿಸಿಯಾಗಿರುತ್ತಿತ್ತು. ಈಗಲೂ ಒಮ್ಮೊಮ್ಮೆ ಎಡಗಾಲನ್ನು ನೆಲಕ್ಕೆ ಊರಿದಾಗ ಆ ಬಿಸಿ ನೆನಪಾಗಿ ಕಣ್ಣು ತುಂಬುತ್ತದೆ.

ಅವರು ಹೋಗಿ ಎರಡು ವರ್ಷ. ಮಲಗಿದ್ದವರು ಏಳಲಿಲ್ಲ, ಅಷ್ಟೆ. ನಮ್ಮಲ್ಲಿ ಮಣ್ಣು ಮಾಡುವುದು ಸ್ವಂತ ಹೊಲದಲ್ಲಿ. ಊರಾಚೆ ನೀಲಗಿರಿ ತೋಪು ದಾಟಿದರೆ ನಮ್ಮ ಹೊಲ, ಅದರ ಕೊನೆಯಲ್ಲಿ ಹೊಂಗೆಮರದ ಕೆಳಗೆ ಅವರ ಗುಡ್ಡೆ. ನನಗೆ ಆ ಹೊತ್ತಿಗೆ ಕೆಲಸದಿಂದ ನಿವೃತ್ತಿಯಾಗಿತ್ತು. ಸಂಜೆ ಹಿಟ್ಟಿಗೆ ಎಸರಿಡುವ ಮೊದಲು ಅಲ್ಲಿಗೆ ಹೋಗಿ, ಬದುವಿನ ಮೇಲೆ ಕೂತು, ದಿನದ ಸುದ್ದಿ ಹೇಳಿ ಬರುತ್ತಿದ್ದೆ. ಹಸು ಗಬ್ಬವಾದದ್ದು, ಮಗ ಫ್ಯಾಕ್ಟರಿಯ ಪಾಳಿ ಬದಲಾಯಿಸಿಕೊಂಡದ್ದು, ಪಕ್ಕದ ಹೊಲದವರು ಬದು ಒತ್ತಿದ್ದು. ಬದುವಿನ ವಿಷಯ ಹೇಳಿದಾಗ ಅವರು ಎದ್ದು ಬಂದುಬಿಡುತ್ತಾರೇನೋ ಅನ್ನಿಸಿತ್ತು. ಅಷ್ಟು ಹೊತ್ತು ಅವರ ಪಕ್ಕ ಕೂರುವುದಕ್ಕಾಗಿಯೇ ನಾನು ಮಿಕ್ಕ ದಿನವನ್ನು ದೂಡುತ್ತಿದ್ದೆ. ಅದಕ್ಕೂ ಕಲ್ಲು ಬಿತ್ತು.

ಬೂಸಾ ಮೂಟೆ ಎತ್ತಿದ್ದೇ ನೆಪ. ಸೊಂಟದ ಕೆಳಗೆ ಎಡ ಚಪ್ಪೆಯಲ್ಲಿ ಚಳುಕು ಹೊಡೆದದ್ದು ತೊಡೆಯ ಹಿಂಬದಿಗೆ ಇಳಿಯಿತು, ಅಲ್ಲಿಂದ ಮೀನಖಂಡ, ಅಲ್ಲಿಂದ ಕಿರುಬೆರಳು. ಮೆಣಸಿನಪುಡಿ ಸವರಿದ ದಾರವನ್ನು ಕಾಲಿನೊಳಗೆ ಎಳೆದ ಹಾಗೆ ಉರಿ. ಕೂತರೆ ಹೆಚ್ಚು, ಕೆಮ್ಮಿದರೆ ಇನ್ನೂ ಹೆಚ್ಚು. ಊರಿನ ಹೆಂಗಸರೆಲ್ಲ ಬಂದು ನೋಡಿದರು, ಎಲ್ಲರದ್ದೂ ಒಂದೇ ಮಾತು: "ಅಲ್ಲಾಡ್ಬ್ಯಾಡಿ ಟೀಚರಮ್ಮ, ಹಲಗೆ ಮೇಲೆ ಅಂಗಾತ ಮಲೀಕಳಿ." ಮಲಗಿದೆ. ಕೂರುವುದಕ್ಕಿಂತ ಅದು ಮೊದಮೊದಲು ಹಿತವಾಗಿತ್ತು. ಆಮೇಲೆ ಕಾಲಿನ ಜೊತೆ ಇಡೀ ಮೈಯೇ ಕೊರಡಾಯಿತು. ಬಚ್ಚಲಿಗೆ ಹೋಗಲು ಸೊಸೆಯ ಹೆಗಲು ಬೇಕಾಯಿತು. ಹಲಗೆಯ ಮೇಲಿಂದ ಕಿಟಕಿ ನೋಡುತ್ತ, ಅಲ್ಲಿ ಅವರು ಒಬ್ಬರೇ ಇದ್ದಾರಲ್ಲ ಎಂದು ಸಂಕಟಪಡುತ್ತಿದ್ದೆ. ಸತ್ತವರಿಗೆ ಒಬ್ಬರೇ ಇರುವುದು ಬೇಜಾರೇ? ಗೊತ್ತಿಲ್ಲ, ನನಗೆ ಬೇಜಾರಾಗುತ್ತಿತ್ತು.

ಆಗ ಊರಿನವರಿಗೆ ಹೊಳೆದದ್ದು ಒದೆ. ಊರಿನ ಸೊಂಟವನ್ನೆಲ್ಲ ಒದ್ದವಳನ್ನು ಈಗ ಒದೆಯುವವರು ಯಾರು? ನನ್ನ ಹಿಮ್ಮಡಿ ನನ್ನ ಬೆನ್ನಿಗೆ ಎಟುಕುವುದಿಲ್ಲ. ಸುತ್ತಮುತ್ತ ಹುಡುಕಿದರೆ ಕಾಲು ಮುಂದಾಗಿ ಹುಟ್ಟಿದವರೇ ಇಲ್ಲ. ಈಗ ಹೆರಿಗೆಯೆಲ್ಲ ಆಸ್ಪತ್ರೆಯಲ್ಲಿ. ಮಗುವಿನ ಕಾಲು ಕೆಳಗಿದೆ ಎಂದು ಗೊತ್ತಾದರೆ ಹೊಟ್ಟೆ ಕೊಯ್ದು ತೆಗೆಯುತ್ತಾರೆ. ಒಳ್ಳೆಯದೇ, ತಾಯಿ ಮಗು ಉಳಿಯುತ್ತಾರೆ. ಆದರೆ ನಮ್ಮ ಸಂತತಿ ನಮಗೇ ಮುಗಿಯಿತು ಎಂದು ಆವತ್ತು ತಿಳಿಯಿತು.

ಕೊನೆಗೆ ನೆಲಮಂಗಲದಲ್ಲಿರುವ ನನ್ನ ಮಗಳ ಮಗಳು ನೆನಪಾದಳು. ಅವಳೂ ಹೊಟ್ಟೆಯಲ್ಲಿ ಕಾಲು ಕೆಳಗೆ ಮಾಡಿಕೊಂಡೇ ಇದ್ದವಳು, ಆಪರೇಷನ್ ಮಾಡಿ ತೆಗೆದರು. ಹಾಗೆ ತೆಗೆದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನನ್ನ ಹಲಗೆಯ ಸುತ್ತ ಒಂದು ಪಂಚಾಯಿತಿಯೇ ಕೂತಿತು. "ಬಾಗ್ಲಾಗೆ ಬಂದ್ರೇನು, ಕಿಟ್ಕೀಲಿ ಬಂದ್ರೇನು, ಕಾಲು ಕಾಲೇ" ಎಂದು ಎದುರುಮನೆ ಅಜ್ಜಿ ತೀರ್ಪು ಕೊಟ್ಟರು. ಭಾನುವಾರ ಮಗಳು ಹುಡುಗಿಯನ್ನು ಕರೆತಂದಳು. ನನ್ನನ್ನು ಹೊಸ್ತಿಲ ಮೇಲೆ ನಿಲ್ಲಿಸಿದರು. ಅವಳು ಕರಾಟೆ ಕಲಿಯುತ್ತಿರುವ ಸಂಗತಿ ಅಲ್ಲಿದ್ದ ಒಬ್ಬರಿಗೂ ನೆನಪಾಗಲಿಲ್ಲ.

ಮೊದಲನೇ ಒದೆಗೇ ನಾನು ಜಗಲಿಯಲ್ಲಿದ್ದೆ. ಮಿಕ್ಕ ಎರಡು ಬಾಕಿ ಉಳಿದವು.

ಮಾರನೇ ದಿನ ಮಗ ಪಾಳಿಗೆ ರಜೆ ಹಾಕಿ ದೊಡ್ಡಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಹೋದೆ. ಡಾಕ್ಟರು ಕಾಲೆತ್ತಿ ನೋಡಿದರು, ಕಾಲ ಹೆಬ್ಬೆರಳನ್ನು ತಮ್ಮ ಕೈಗೆ ಎದುರಾಗಿ ಎತ್ತಲು ಹೇಳಿದರು, ಮೂತ್ರಕ್ಕೆ ತೊಂದರೆಯಿದೆಯೇ, ಪಾದ ಸೋಲುತ್ತದೆಯೇ ಎಂದೆಲ್ಲ ಕೇಳಿದರು. ಅವೆಲ್ಲ ಇರಲಿಲ್ಲ. ಸಯಾಟಿಕಾ ಅಂದರು, ಸೊಂಟದಲ್ಲಿ ನರ ಒತ್ತಿಕೊಂಡಿದೆ, ಬಹಳ ಜನಕ್ಕೆ ಆಪರೇಷನ್ ಇಲ್ಲದೆ ನಿಧಾನಕ್ಕೆ ಕಡಿಮೆಯಾಗುತ್ತದೆ ಅಂದರು. ಹಲಗೆಯ ಕಥೆ ಕೇಳಿ ತಲೆ ಆಡಿಸಿದರು. ಒದೆಯ ಕಥೆಯನ್ನು ಮಗ ಹೇಳಲು ಬಾಯಿ ತೆರೆದ, ನಾನು ಕಣ್ಣಲ್ಲೇ ತಡೆದೆ.

"ಮಲಗಿದ್ರೆ ವಾಸಿ ಆಗಲ್ಲಮ್ಮ, ನಡೀಬೇಕು," ಎಂದಳು ಅದೇ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ. ಒಂದೇ ಸಲ ಬಹಳ ದೂರ ಬೇಡ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ನಾಲ್ಕಾರು ಸಲ. ನೋವು ಸೊಂಟದ ಕಡೆಗೆ ಸರಿದರೆ ಒಳ್ಳೆಯದು, ಪಾದದ ಕಡೆಗೆ ಇಳಿದರೆ ಅಂದಿಗೆ ಸಾಕು. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದನ್ನು ತೋರಿಸಿದಳು. ಬಗ್ಗುವುದು, ಕುಕ್ಕರಗಾಲಲ್ಲಿ ಕೂರುವುದು, ಭಾರ ಎತ್ತುವುದು ಸದ್ಯಕ್ಕೆ ಬೇಡವೆಂದಳು. ಹಳ್ಳಿಯ ಹೆಂಗಸಿಗೆ ಇಷ್ಟು ಬೇಡ ಅಂದರೆ ಉಳಿಯುವುದೇನು? ಆದರೆ ನಡೆ ಅಂದಳಲ್ಲ, ನನಗೆ ಅಷ್ಟೇ ಕೇಳಿಸಿದ್ದು. ನಡೆದರೆ ಅವರ ಹತ್ತಿರ ಹೋಗಬಹುದು.

ಮನೆಗೆ ಬಂದ ಮೇಲೆ ಮಗ, "ನಡ್ದೇ ಯಾಕ್ ಹೋಗ್ಬೇಕು? ಬೈಕಲ್ಲಿ ಕೂತ್ಕೊ, ಅಪ್ಪನ್ ಹತ್ರ ಬಿಟ್ಬಿಡ್ತೀನಿ," ಅಂದ. ಆಸೆಗೆ ಬಿದ್ದು ಕೂತೆ. ತೋಪಿನ ದಾರಿಯ ಮೊದಲನೇ ಗುಂಡಿಗೇ ಪ್ರಾಣ ಕಿರುಬೆರಳಿಗೆ ಬಂತು. ಇಳಿದು, ಅವನ ಹೆಗಲು ಹಿಡಿದು, ಅಳುತ್ತಾ ವಾಪಸ್ ಬಂದೆ. ನೋವಿಗೆ ಅತ್ತಿದ್ದಲ್ಲ. ಅಲ್ಲಿಂದ ಹೊಂಗೆಮರದ ತುದಿ ಕಾಣುತ್ತಿತ್ತು.

ಹಾಗಾಗಿ ನಡಿಗೆಯೇ ಗತಿಯಾಯಿತು. ಅದಕ್ಕೂ ಒಂದು ತೊಡಕು. ನಮ್ಮೂರಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ಹೊಸ ಲೇಔಟಿನವರು ಬೂಟು ಹಾಕಿಕೊಂಡು ಕೈ ಬೀಸಿ ನಡೆಯುವುದನ್ನು ನೋಡಿ ನಮ್ಮವರು ನಗುತ್ತಾರೆ. ಬರಿಗೈಯಲ್ಲಿ ಹೊರಟ ಹೆಂಗಸು ಒಂದೋ ಜಗಳ ಆಡಿಕೊಂಡು ಹೊರಟಿರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ಅಪಶಕುನ, ಅದಕ್ಕೆ "ದೂರಾನಾ ಟೀಚರಮ್ಮ?" ಎಂದು ಪ್ರತಿ ಜಗಲಿಯಿಂದಲೂ ಕೇಳುತ್ತಿದ್ದರು. ನಿಂತು ಉತ್ತರ ಕೊಟ್ಟರೆ ಕಾಲು ಉರಿಯುತ್ತದೆ, ನಿಲ್ಲದೆ ಹೋದರೆ ಟೀಚರಮ್ಮಂಗೆ ಜಂಬ ಎನ್ನುತ್ತಾರೆ. ಕೊನೆಗೆ ಕೈಯಲ್ಲೊಂದು ಕುಡುಗೋಲು ಹಿಡಿದೆ. ಕುಡುಗೋಲು ಹಿಡಿದವಳು ಹುಲ್ಲಿಗೆ ಹೊರಟಿದ್ದಾಳೆ ಎಂದೇ ಅರ್ಥ, ಮಾತಿಲ್ಲ ಕಥೆಯಿಲ್ಲ. ಬಗ್ಗಬಾರದವಳು ಹುಲ್ಲು ಹೇಗೆ ಕೊಯ್ಯುತ್ತಾಳೆ ಎಂದು ಯಾರೂ ಯೋಚಿಸಲಿಲ್ಲ. ಬರಿಗೈಯಲ್ಲಿ ಬಂದರೆ ಹಾಲಿನ ಡೈರಿಯ ಮುಂದೆ ಮಾತು ಹುಟ್ಟುತ್ತದೆಂದು ಸೊಸೆ ದಾರಿಯಲ್ಲಿ ಕಾದು ಒಂದು ಹಿಡಿ ಹುಲ್ಲು ಕೈಗಿಡುತ್ತಿದ್ದಳು.

ಮೊದಲು ಅರಳಿಕಟ್ಟೆಯವರೆಗೆ. ಆಮೇಲೆ ಡೈರಿ. ಒಂದು ದಿನ ಹುರುಪಿನಲ್ಲಿ ತೋಪಿನ ಬಾಯಿಗೆ ಹೋಗಿಬಿಟ್ಟು, ವಾಪಸ್ ಬರುವಾಗ ಉರಿ ಪಾದಕ್ಕೆ ಇಳಿದು, ಎರಡು ದಿನ ಅಂಗಳ ದಾಟಲಿಲ್ಲ. ನನಗೆ ಮೊದಲಿಂದಲೂ ತಾಳ್ಮೆ ಕಡಿಮೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಯಜಮಾನರು ರೇಗಿಸುತ್ತಿದ್ದರು. ಮತ್ತೆ ಅರಳಿಕಟ್ಟೆಯಿಂದಲೇ ಶುರು ಮಾಡಿದೆ. ಬೆಳಿಗ್ಗೆ ಬೋರಲು ಮಲಗಿ ಎದೆ ಎತ್ತುವಾಗ ನಮ್ಮನೆ ಬೆಕ್ಕು ಬಂದು ಮುಖದ ಮುಂದೆ ಕೂತು ನೋಡುತ್ತಿತ್ತು. ನಿಧಾನವಾಗಿ ನೋವು ಮೀನಖಂಡ ಬಿಟ್ಟಿತು, ತೊಡೆ ಬಿಟ್ಟಿತು, ಚಪ್ಪೆಯಲ್ಲಿ ಮಾತ್ರ ಉಳಿಯಿತು. ಅದಕ್ಕೊಂದು ಸ್ವಭಾವವಿತ್ತು: ಕೂತರೆ ಕೆರಳುತ್ತಿತ್ತು, ನಿಂತರೆ ಗೊಣಗುತ್ತಿತ್ತು, ನಡೆಯುವಾಗ ಸುಮ್ಮನಿರುತ್ತಿತ್ತು.

ಹಿರಿಯರ ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ಮೊದಲು ಗುಡ್ಡೆಯ ಮೇಲಿನ ಕಳೆ ಕಿತ್ತು, ನೀರು ಬಿಟ್ಟು, ಹೂವಿಟ್ಟು ಬರುವುದು ನಮ್ಮ ಮನೆಯ ಪದ್ಧತಿ. ಮಗ ಸೊಸೆ ತಾವು ಮಾಡಿಬರುತ್ತೇವೆಂದರು, ಬೇಡವೆಂದೆ. ಬಿಸಿಲು ಇಳಿದ ಮೇಲೆ ಒಬ್ಬಳೇ ಹೊರಟೆ. ಅರಳಿಕಟ್ಟೆ, ಡೈರಿ, ತೋಪು. ನೀಲಗಿರಿ ಎಲೆಯ ವಾಸನೆ ದಾಟಿದ ಕೂಡಲೇ ನಮ್ಮ ರಾಗಿ ಕಂಡಿತು. ತೆನೆ ಕಟ್ಟುತ್ತಿತ್ತು, ರಾಗಿಯ ನಡುನಡುವೆ ಅಕ್ಕಡಿ ಸಾಲಿನ ಅವರೆ ಬಳ್ಳಿ ಹಬ್ಬಿತ್ತು. ಇದನ್ನೆಲ್ಲ ಯಜಮಾನರು ನನಗಿಂತ ಮೊದಲು ನೋಡಿದ್ದಾರೆ ಎಂದು ಹೊಟ್ಟೆಕಿಚ್ಚಾಯಿತು. ಬದುವಿನ ಮೇಲೆ ಕಾಲು ಅದುರಿತು, ಆದರೂ ಎಡವಲಿಲ್ಲ. ಹೊಂಗೆಯ ನೆರಳಿಗೆ ಬಂದೆ.

ಗುಡ್ಡೆಯ ಮೇಲೆ ಗರಿಕೆ ತುಂಬಿಕೊಂಡಿತ್ತು. ಕೀಳಲು ಬಗ್ಗುವ ಹಾಗಿರಲಿಲ್ಲ. ಎಂದಿನ ಜಾಗದಲ್ಲಿ, ಬದುವಿನ ಮೇಲೆ ಕೂತೆ. ಎರಡು ಮಾತು ಆಡುವುದರೊಳಗೆ ಚಪ್ಪೆಯ ಉರಿ ತೊಡೆಗೆ ಇಳಿಯಿತು. ಎದ್ದು ಮರಕ್ಕೆ ಕೈಕೊಟ್ಟು ನಿಂತೆ. ಮೀನಖಂಡಕ್ಕೆ ಇಳಿಯಿತು. ಇನ್ನೊಂದು ಗಳಿಗೆ ನಿಂತರೆ ಪಾದಕ್ಕೆ ಬರುತ್ತದೆ, ಬಂದರೆ ಮನೆ ಸೇರುವುದಿಲ್ಲ. ಇಷ್ಟು ತಿಂಗಳು ಒದ್ದಾಡಿದ್ದು ಇಲ್ಲಿಗೆ ಬರಲಿಕ್ಕೆ, ಬಂದರೆ ಇರಲಿಕ್ಕಾಗುವುದಿಲ್ಲ. ನನಗೆ ದೇವರ ಮೇಲೆ, ಡಾಕ್ಟರ ಮೇಲೆ, ಮಣ್ಣಲ್ಲಿ ನೆಮ್ಮದಿಯಾಗಿ ಮಲಗಿರುವ ಇವರ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. "ನೀವೇನೋ ಮಲಗಿಬಿಟ್ರಿ," ಎಂದು ಜೋರಾಗಿಯೇ ಅಂದೆ.

ಅನ್ನುತ್ತಲೇ ಹೆಜ್ಜೆ ಹಾಕಿದೆ. ಗುಡ್ಡೆಯ ತಲೆಯ ಕಡೆಯಿಂದ ಕಾಲಿನ ಕಡೆಗೆ, ಅಲ್ಲಿಂದ ಆ ಬದಿಗೆ. ಉರಿ ಮೇಲಕ್ಕೆ ಸರಿಯಿತು. ಇನ್ನೊಂದು ಸುತ್ತು ಬಂದೆ. ಬಲಕ್ಕೆ ಸುತ್ತಬೇಕೋ ಎಡಕ್ಕೋ, ಶಾಸ್ತ್ರ ಏನನ್ನುತ್ತದೋ, ಯೋಚಿಸಲಿಲ್ಲ. ಅಷ್ಟು ದಿನದಿಂದ ಕಟ್ಟಿಕೊಂಡಿದ್ದ ಸುದ್ದಿಯನ್ನೆಲ್ಲ ಹೇಳತೊಡಗಿದೆ. ಕರು ಹಾಕಿದ್ದು, ಬೋರ್‌ವೆಲ್ ಮೋಟಾರು ಸುಟ್ಟದ್ದು, ಮೊಮ್ಮಗಳ ಒದೆ. ಒದೆಯ ಸುದ್ದಿ ಹೇಳುವಾಗ ನಗು ಬಂತು, ನಗುವಾಗಲೇ ಅಳುವೂ ಬಂತು, ಕಾಲು ಮಾತ್ರ ನಿಲ್ಲಿಸಲಿಲ್ಲ.

ಕತ್ತಲಾಗುತ್ತದೆಂದು ಸೊಸೆ ಹುಡುಕಿಕೊಂಡು ಬಂದಳು. ನಾನು ಸುತ್ತುವುದನ್ನು ನೋಡಿ ಹೊಲದ ಅಂಚಿನಲ್ಲೇ ನಿಂತಳು. "ಸಾಕು ಬನ್ನಿ ಅತ್ತೆ, ಹೋಗೋಣ," ಅಂದಳು.

"ನಿಂತ್ಕೊಳ್ಳೋಕೂ ಆಗಲ್ಲ ಕಣಮ್ಮ," ಅಂದೆ, "ಬಿಟ್ ಬರೋಕೂ ಆಗಲ್ಲ."

ಅವಳು ಹತ್ತಿರ ಬಂದಳು. ಸೆರಗು ಸಿಕ್ಕಿಸಿಕೊಂಡು ಗುಡ್ಡೆಯ ಪಕ್ಕ ಕೂತು ಗರಿಕೆ ಕೀಳತೊಡಗಿದಳು. ನಾನು ಅವಳನ್ನು ಬಳಸಿಕೊಂಡು ಇನ್ನೊಂದು ಸುತ್ತು ಹೊರಟೆ.