ತೇಲುವ ಡಬ್ಬಿಗೆ ಕಲಾಯಿ

ನಾನು ಮದುವೆಯಾಗಿ ಯಾದಗಿರಿಗೆ ಬಂದ ಹೊಸದರಲ್ಲಿ ನಮ್ಮ ಅಂಗಳದಲ್ಲಿ ಎತ್ತಿನ ಬದಲು ಒಂದು ಫಟಫಟಿ ಕಟ್ಟಿತ್ತು. ಕಟ್ಟಿತ್ತು ಅಂದರೆ ಖರೇನೇ ಕಟ್ಟಿತ್ತು. ಮಾವನವರು ಅದರ ಹಿಂದಿನ ಗಾಲಿಗೆ ಹಗ್ಗ ಹಾಕಿ ಬೇವಿನ ಗಿಡಕ್ಕೆ ಬಿಗಿದಿದ್ದರು. "ಯಾವ ಆಕಳ ಹೊಟ್ಯಾಗೂ ಹುಟ್ಟಿದ್ದಲ್ಲ ಇದು, ಯಾವಾಗ ಏನ್ ತಲಿಗೆ ಹೊಳೀತೈತೋ!" ಅನ್ನುತ್ತಿದ್ದರು.

ನಿಜಾಮರ ರಾಜ್ಯ ಇನ್ನೂ ಇತ್ತು. ಲಡಾಯಿ ಆಗಷ್ಟೇ ಮುಗಿದಿತ್ತು. ಸ್ಟೇಷನ್ನಿನ ರೈಲ್ವೆ ಸಾಹೇಬನೊಬ್ಬ ವಿಲಾಯತಿಗೆ ವಾಪಸ್ ಹೋಗುವಾಗ ಆ ಹಳೇ ಮೋಟಾರ್‌ಸೈಕಲ್ಲನ್ನು ನಮ್ಮ ಮನೆಯವರಿಗೆ ಬಿಟ್ಟುಹೋಗಿದ್ದ. ಅದರ ಬಗಲಿಗೆ ತೊಟ್ಟಿಲಿನಂಥ ಇನ್ನೊಂದು ಗಾಡಿ, ಒಬ್ಬರು ಕಾಲು ಚಾಚಿ ಕೂಡಬಹುದು. ನಮ್ಮ ಮನೆಯವರದು ಗ್ಯಾಸ್‌ಬತ್ತಿ ರಿಪೇರಿಯ ಅಂಗಡಿ. ಸಣ್ಣ ತೂತು, ಸಣ್ಣ ಸೂಜಿ ಅಂದರೆ ಅವರಿಗೆ ಊಟ ಬೇಕಿರಲಿಲ್ಲ.

ಆ ಬೇಸಿಗೆಯಲ್ಲಿ ಸುರಪುರದಿಂದ ಮಾವನವರ ಅಕ್ಕ ಒಂದು ಮಾತು ಹೇಳಿಕಳಿಸಿದರು. ಬಳೆ ಮಾರುವವಳೊಬ್ಬಳು ಬಂದು ಹಂಗಂಗೇ ಒಪ್ಪಿಸಿದಳು: "ಒಂದು ಕಣ್ಣು ಪೂರಾ ಹೋಗೇತಿ. ಇನ್ನೊಂದರಾಗೂ ಪೊರಿ ಕಟ್ಟಾಕತ್ತೈತಿ. ಅದು ಮುಚ್ಚೋದ್ರಾಗ ನನ್ನ ತಮ್ಮನ ಮಾರಿ ಒಮ್ಮೆ ತೋರಸ್ರಿ."

ಮಾವನವರು ಅಂದು ರೊಟ್ಟಿ ಮುಟ್ಟಲಿಲ್ಲ. ಹಿಂದೊಮ್ಮೆ ಎತ್ತಿನ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡವರು. ಗಾಡಿಯ ಕುಲುಕಾಟವಾಗಲಿ, ಮೋಟಾರು ಬಸ್ಸಿನ ಹಲಗೆ ಸೀಟಾಗಲಿ ಅವರಿಗೆ ಆಗುತ್ತಿರಲಿಲ್ಲ. ಕಾಲು ಚಾಚಿಕೊಂಡು ಹೋಗಬೇಕು. ಹಂಗ ಹೋಗಲು ಇದ್ದದ್ದು ಆ ತೊಟ್ಟಿಲು ಒಂದೇ. ಆದರೆ ಫಟಫಟಿ ಕೆಟ್ಟು ನಿಂತಿತ್ತು.

ಯಾಕೆ ಕೆಟ್ಟಿದೆ ಅಂತ ನಮ್ಮ ಮನೆಯವರು ನನಗೆ ಬಿಚ್ಚಿ ತೋರಿಸಿದರು. ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬ್ಯುರೇಟರಿಗೆ ಒಂದು ಗಿಂಡಿಯಷ್ಟು ಪಾತ್ರೆ ಅಂಟಿಕೊಂಡಿರುತ್ತದೆ. ಅದರೊಳಗೆ ಹಿತ್ತಾಳೆಯ ಟೊಳ್ಳು ಡಬ್ಬಿ ತೇಲುತ್ತಿರುತ್ತದೆ. ಡಬ್ಬಿಯ ನಡುವೆ ಒಂದು ಸೂಜಿ. ಪೆಟ್ರೋಲ್ ತುಂಬಿದಂತೆ ಡಬ್ಬಿ ಮೇಲೇರಿ ಸೂಜಿಯನ್ನು ಎಳೆದುಕೊಳ್ಳುತ್ತದೆ, ಸೂಜಿಯ ದಪ್ಪ ಬುಡ ಬಂದು ಪೆಟ್ರೋಲ್ ಒಳಬರುವ ತಳದ ತೂತು ಮುಚ್ಚುತ್ತದೆ. ಎಂಜಿನ್ನು ಕುಡಿದಷ್ಟೂ ಡಬ್ಬಿ ಇಳಿಯುತ್ತದೆ, ತೂತು ತೆರೆಯುತ್ತದೆ. ಯಾರೂ ಕಾಯಬೇಕಿಲ್ಲ, ಯಾರೂ ಹೇಳಬೇಕಿಲ್ಲ.

"ಇದಕ್ಕ ಹಸಿವ್ಯಾದದ್ದು, ಹೊಟ್ಟಿ ತುಂಬಿದ್ದು ತಾನೇ ಗೊತ್ತಾಗತೈತೇನ್ರಿ?" ಅಂದೆ.

"ನಿನಗಿಂತ ಬರಾಬರ್ ಗೊತ್ತಾಗತೈತಿ" ಅಂದರು.

ನಾನು ಸಿಟ್ಟಾಗಲಿಲ್ಲ. ಬಾಯಿ ತೆರೆದು ನೋಡುತ್ತಿದ್ದೆ. ಹಿಂದೆ ಪೆಟ್ರೋಲ್ ನಿಂತೂ ನಿಂತೂ ಪಾತ್ರೆಯ ಒಳಗೋಡೆಗೆ ಕಂದು ಬಣ್ಣದ ಒಂದು ಗೆರೆ ಬಿದ್ದಿತ್ತು. ಭೀಮಾ ನದಿಯ ಬಂಡೆಗಳ ಮೇಲೆ ಹೊಳೆ ಬಂದುಹೋದ ಗುರುತು ಇರುತ್ತದಲ್ಲ, ಹಾಗೆ. ಪೆಟ್ರೋಲ್ ಆ ಗೆರೆಗೇ ನಿಲ್ಲಬೇಕು. ಮೇಲೆ ಬಂದರೆ ಎಂಜಿನ್ನಿಗೆ ಗಂಟಲು ಕಟ್ಟುತ್ತದೆ, ಕೆಳಗಿಳಿದರೆ ದಮ್ಮು ಹತ್ತುತ್ತದೆ. ಈಗ ಡಬ್ಬಿಗೆ ಸೂಜಿಮೊನೆಯಷ್ಟು ತೂತು ಬಿದ್ದು ಒಳಗೆ ಪೆಟ್ರೋಲ್ ಹೊಕ್ಕಿತ್ತು. ಕಿವಿಗೆ ಹಿಡಿದು ಅಲುಗಿಸಿದರೆ ಗುಳುಗುಳು ಅನ್ನುತ್ತಿತ್ತು.

ಪೇಟೆಯ ಕಲಾಯಿ ಚಾಚಾ ಬೆಸುಗೆ ಹಾಕಿಕೊಡಲು ಒಪ್ಪಿದರು. ಒಳಗಿನದನ್ನೆಲ್ಲ ಹೊರಗೆ ತೆಗೆದು, ಬಿಸಿಲಿಗಿಟ್ಟು ಒಣಗಿಸಿ, ತೂತು ಮುಚ್ಚಿದರು. ಸಂಜೆಗೆ ಡಬ್ಬಿ ಬಂದಾಗ ನಾವು ಗುರುತು ಹಿಡಿಯಲಿಲ್ಲ. ಮೈತುಂಬ ತವರದ ಕಲಾಯಿ! ಬೆಳ್ಳಿಯ ಹಂಗ ಹೊಳೆಯುತ್ತಿತ್ತು.

"ತೂತು ಅಷ್ಟೇ ಮುಚ್ಚಂದಿದ್ನಲ್ಲ ಚಾಚಾ" ಅಂದರು ಇವರು.

"ಹಂಗ ಹ್ಯಾಂಗ ಕೊಡ್ಲಿ ಬೇಟಾ? ಬೆಸಗಿ ಹಾಕಿದ ಭಾಂಡಿ ಕಲಾಯಿ ಇಲ್ದ ನನ್ನ ಕೈಯಿಂದ ಇನ್ನೂತನ ಹೊಂಟಿಲ್ಲ. ಹೊರಗಷ್ಟೇ ಹಚ್ಚೀನಿ, ಒಳಗ ಕೈ ಹೋಗವಲ್ದು. ಬುರಾ ತಿಳೀಬ್ಯಾಡ" ಅಂದರು ಚಾಚಾ.

ಬುರಾ ಏನು ತಿಳಿಯುವುದು? ನಾವೆಲ್ಲ ಖುಷಿಯಾಗಿ ಕೈಯಿಂದ ಕೈಗೆ ದಾಟಿಸಿ ನೋಡಿದೆವು. ಅಲುಗಿಸಿದರೆ ಸದ್ದಿಲ್ಲ.

ಮರುದಿನ ಬೆಳಗಿನ ತಂಪಿನಲ್ಲಿ ಹೊರಟೆವು. ಮಾವನವರು ತೊಟ್ಟಿಲಿನಲ್ಲಿ, ತಲೆಗೆ ಜರಿ ರುಮಾಲು. ನಾನು ಹಿಂದೆ, ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು. ಭೀಮಾದಲ್ಲಿ ನೀರು ಮೊಣಕಾಲಿಗೂ ಇರಲಿಲ್ಲ. ಮೀನು ಹಿಡಿಯುವವರು ಸೇರಿ ಮಾವನವರ ಸಮೇತ ಗಾಡಿಯನ್ನು ಎತ್ತಿ ದಾಟಿಸಿದರು. ಅಲ್ಲಿಂದ ಎಂಜಿನ್ನು ಕೆಮ್ಮಲು ಶುರುಮಾಡಿತು. ಹಿಂದೆ ಕರೀ ಹೊಗೆ. ದೋರನಹಳ್ಳಿ ಬರುವಷ್ಟರಲ್ಲಿ ಪೂರಾ ನಿಂತೇಬಿಟ್ಟಿತು, ಕೆಳಗೆ ಪೆಟ್ರೋಲ್ ತಟತಟ ತೊಟ್ಟಿಕ್ಕುತ್ತಿತ್ತು.

ಊರ ಮಂದಿ ಸುತ್ತುಗಟ್ಟಿದರು.

"ಏನ್ರಿ ಯಜಮಾನ್ರ, ನಿಮ್ಮ ಕುದುರಿ ನಿಂತಲ್ಲೇ ಉಚ್ಚಿ ಹೊಯ್ಯಾಕತ್ತೈತಲ್ರಿ!"

"ಹುಲ್ಲು ಹಾಕ್ಯಾರಿಲ್ಲೋ ಕೇಳು!"

ಒಬ್ಬ ಮುದುಕ ಬೀಡಿ ಹಚ್ಚಿಕೊಂಡು ಹತ್ತಿರ ಬಗ್ಗಿದ. "ಅಯ್ಯ ಯಪ್ಪಾ, ಬೀಡಿ ಒಗೀರಿ ಅತ್ಲಾಗ!" ಅಂತ ನಾನು ಚೀರಿದೆ. ಹೊಸ ಸೊಸೆ ಬೀದಿಯಲ್ಲಿ ಅಷ್ಟು ದನಿ ತೆಗೆದದ್ದಕ್ಕೆ ಆತ ಬೀಡಿಯನ್ನು ಒಗೆದು ತಾನೂ ದೂರ ಓಡಿದ.

ಮಾವನವರು ಸುರಪುರದ ದಿಕ್ಕಿನ ದಾರಿ ನೋಡುತ್ತಾ ಕೂತಿದ್ದರು. "ಲೇ ತಮ್ಮಾ, ಆಕಿ ಕಣ್ಣು ನಮ್ಮ ಸಲುವಾಗಿ ಕಾಯೂದಿಲ್ಲೋ" ಅಂದರು ಮೆಲ್ಲಗೆ ಮಗನಿಗೆ.

ಇವರು ಮುಚ್ಚಳ ಬಿಚ್ಚಿದರು. ಪೆಟ್ರೋಲ್ ಕಂದು ಗೆರೆಯನ್ನು ದಾಟಿ ಕಂಠದವರೆಗೆ ನಿಂತಿತ್ತು, ಡಬ್ಬಿ ಅದರಲ್ಲಿ ಕುತ್ತಿಗೆತನಕ ಮುಳುಗಿತ್ತು. ತೆಗೆದು ಅಲುಗಿಸಿದರು. ಒಳಗೆ ಹನಿಯೂ ಇಲ್ಲ. "ಒಳಗೇನೂ ಇಲ್ಲ, ಮತ್ತ ಯಾಕ ಮುಳುಗತೈತಿ?" ಅಂತ ತಲೆ ಕೆರೆದುಕೊಂಡರು.

ಮಾವನವರು ಡಬ್ಬಿಯನ್ನು ಇಸಿದುಕೊಂಡು ಅಂಗೈಯಲ್ಲಿ ತೂಗಿದರು. "ಮದಲಗಿತ್ತಿ ಮ್ಯಾಲ ಬಂಗಾರ ಹೇರಿದಂಗ ಹೇರ್ಯಾನಲ್ಲೋ ಆ ಚಾಚಾ. ಇಷ್ಟು ಹೊತ್ಕೊಂಡು ಇದು ಈಸೂದರ ಹ್ಯಾಂಗ?"

ಅಷ್ಟೇ ಸಂಗತಿ. ಆ ತೆಳ್ಳನೆಯ ಹೊಳಪಿಗೂ ಭಾರವಿತ್ತು! ಭಾರಕ್ಕೆ ಡಬ್ಬಿ ತಡವಾಗಿ ಏಳುತ್ತಿತ್ತು, ಸೂಜಿ ತಡವಾಗಿ ಮುಚ್ಚುತ್ತಿತ್ತು. ಕಲಾಯಿ ಕೆರೆದರೆ ಬೆಸುಗೆ ಕಿತ್ತುಬರುವ ಭಯ. ಸೂಜಿಯ ಮೈಮೇಲೆ ಉಂಗುರದಂತೆ ಗೀರುಗಳಿದ್ದವು, ಡಬ್ಬಿಯ ಕ್ಲಿಪ್ಪು ಅದರಲ್ಲೊಂದಕ್ಕೆ ಕಚ್ಚಿಕೊಳ್ಳುತ್ತದೆ. ಇವರು ಅದನ್ನು ಕೆಳಗಿನ ಗೀರಿಗೆ ಇಳಿಸಿದರು. ಈಗ ಡಬ್ಬಿ ಸ್ವಲ್ಪವೇ ಎದ್ದರೂ ಸೂಜಿ ಬೇಗ ಮುಚ್ಚಬೇಕು. ಪೆಟ್ರೋಲ್ ಬಿಟ್ಟರು. ಏರಿತು, ಏರಿತು, ನಿಂತಿತು. ಆದರೆ ಗೆರೆಗಿಂತ ಒಂದು ಜೋಳದ ಕಾಳಿನಷ್ಟು ಕೆಳಗೆ. ಒದ್ದು ಚಾಲೂ ಮಾಡಿದರೆ ಎಂಜಿನ್ನು ಸೀನಿ ಸುಮ್ಮನಾಯಿತು.

"ಆಗ ಭಾರ ಹೆಚ್ಚಾತು, ಈ ಗೀರಿಗೆ ಕಮ್ಮಿ ಆತು" ಅಂದರು ಇವರು, ನಗಬೇಕೋ ಅಳಬೇಕೋ ತಿಳಿಯದೆ.

"ಹಂಗಾದ್ರ ಇನ್ನೊಂದೀಟು ಹೇರ್ರಿ" ಅಂದೆ.

ನನ್ನ ಮುಖವನ್ನೇ ನೋಡಿದರು. ಆಮೇಲೆ ಗ್ಯಾಸ್‌ಬತ್ತಿಯ ಚೀಲದಿಂದ ಕೂದಲಿನಂಥ ಹಿತ್ತಾಳೆ ತಂತಿ ತೆಗೆದು ಡಬ್ಬಿಯ ಕೊರಳಿಗೆ ಸುತ್ತಿದರು. ಪೆಟ್ರೋಲ್ ಬಿಟ್ಟರೆ ಗೆರೆಗಿಂತ ಎಳ್ಳಿನಷ್ಟು ಮೇಲೆ. ತಂತಿಯ ತುದಿ ಕತ್ತರಿಸಿದರು. ಮತ್ತೆ ಬಿಟ್ಟರು, ಮತ್ತೆ ಕತ್ತರಿಸಿದರು. ಆಗ ನಗುತ್ತಿದ್ದ ಮಂದಿಯೂ ಬಾಯಿ ಮುಚ್ಚಿ ಬಗ್ಗಿ ನೋಡತೊಡಗಿದರು. ಕಡೆಗೊಮ್ಮೆ ಪೆಟ್ರೋಲು ಮೆಲ್ಲಗೆ ಏರಿಬಂದು, ಕಂದು ಗೆರೆಯನ್ನು ಮುಟ್ಟಿ, ಅಲ್ಲೇ ಕನ್ನಡಿಯಂತೆ ನಿಂತುಬಿಟ್ಟಿತು. ಯಾರೋ "ಆಹಾ" ಅಂದರು. ಒಂದು ಚೂರು ತಂತಿಯಷ್ಟು ಭಾರಕ್ಕೆ ಲೋಹವೊಂದು ಹೌದು-ಅಲ್ಲ ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ಇವತ್ತಿಗೂ ನೆನಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಶಹಾಪುರ ದಾಟಿದೆವು. ಸುರಪುರದ ಗುಡ್ಡದ ಏರಿನಲ್ಲಿ ಎಂಜಿನ್ನು ದನಿ ದಪ್ಪ ಮಾಡಿಕೊಂಡು, ಎಲ್ಲಿಯೂ ತಡವರಿಸದೆ ಹತ್ತಿತು. ಬಂಡೆಗಳ ನಡುವೆ ಅದರ ಸದ್ದು ತಿರುಗಿ ತಿರುಗಿ ನಮಗೇ ಕೇಳುತ್ತಿತ್ತು. ಮಾವನವರು ತೊಟ್ಟಿಲಿನ ಅಂಚನ್ನು ಹಿಡಿದು ಮಗುವಿನ ಹಂಗ ಮೇಲೆ ನೋಡುತ್ತಿದ್ದರು.

ಅಕ್ಕ ಕಟ್ಟೆಯ ಮೇಲೆ ಕೂತಿದ್ದರು. ಮಾವನವರನ್ನು ಎತ್ತಿ ಎದುರಿಗೆ ಕೂಡಿಸಿದೆವು. ಅಕ್ಕ ಮುಖವನ್ನು ಒಂದು ಬದಿಗೆ ವಾಲಿಸಿ, ಬೆಳಕಿದ್ದ ಕಣ್ಣಿನಿಂದ ತಮ್ಮನನ್ನು ನೋಡಿದರು. ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ಮತ್ತೆ ನೋಡಿದರು. ಕಾಣಿಸಿತೋ, ಇಲ್ಲವೋ?

"ಕಾಣತೀನೇನಬೇ ಅಕ್ಕಾ?" ಅಂದರು ಮಾವನವರು.

"ಸುಮ್ನ ಕೂಡೋ" ಅಂದರು ಆಕೆ. "ಮೀಸಿ ಬೆಳ್ಳಗಾಗೇತಿ. ಹುಬ್ಬಿನ ಮ್ಯಾಲ ಗಾಯದ ಕಲೆ ಹಂಗೇ ಐತಿ, ನಾ ಕಲ್ಲು ಒಗೆದದ್ದು. ಮೂಗು ಮಾತ್ರ ಅಪ್ಪಂದೇ ಬಂದೈತಿ ನೋಡು, ಮದಲ ಇರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ಬಿಸಿಲು ಇಳಿಯೂತನ ಇವನ್ನ ಇಲ್ಲಿಂದ ಏಳಸಬ್ಯಾಡ, ನನಗಿನ್ನೂ ನೋಡೂದೈತಿ" ಅಂದರು.