ಶಾಂತಕ್ಕನ ತಲೆ ಮತ್ತು ಟೆಲಿಫೋನ್ ಟವರು

ಹೋದ ಸೋಮವಾರ ನನ್ನ ಅಕ್ಕ ಶಾಂತಕ್ಕ ನನ್ನನ್ನು ಹೆಸರು ಹಿಡಿದು ಕರೆಯಲು ಹೊರಟಳು. ಬಾಯಿ ಸೊಟ್ಟಗಾಯಿತು. ಹೆಸರು ಬರಲಿಲ್ಲ.

ಆಕೆಯ ಮನೆ ಬನಹಟ್ಟಿಯಲ್ಲಿ. ಭಾವನ ಪವರ್‌ಲೂಮು ಮನೆಯಲ್ಲೇ. ಆ ಖಟಾಖಟ್ ಸದ್ದಿನಲ್ಲೇ ಬಾಳಿದವಳು ಎಂದೂ ತಲೆನೋವು ಎಂದವಳಲ್ಲ. ಹೋದ ವರ್ಷ ಹಿತ್ತಲಿನಾಚೆ ಟೆಲಿಫೋನಿನವರ ಮೈಕ್ರೋವೇವ್ ಟವರು ಎದ್ದಿತು. (ಎಸ್‌ಟಿಡಿ ಬಂತೆಂದು ಪೇಢೆ ಹಂಚಿದವರಲ್ಲಿ ನಮ್ಮ ಭಾವನೂ ಒಬ್ಬ.) ಆಮೇಲೆ ಅಕ್ಕನಿಗೆ ತಲೆಸುತ್ತು ಶುರುವಾಯಿತು.

"ಆ ಕಂಬದಾಗಿಂದ ಏನೋ ಬರತೈತಿ ತಮ್ಮಾ. ತಲ್ಯಾಗಿನ ರಕ್ತ ನಿಂತಂಗ ಆಗತೈತಿ."

ಜಮಖಂಡಿಯ ಡಾಕ್ಟರ ಬಳಿ ಕರೆದೊಯ್ದೆ. ಬಿಪಿ ನೋಡಿ ಗಾಬರಿಯಾದರು. ಮಾತ್ರೆ ಬರೆದುಕೊಟ್ಟು, "ಇವನ್ನ ಬಿಡಬ್ಯಾಡ್ರಿ ಅಕ್ಕಾರ" ಎಂದರು.

"ಟವರಿಂದ ಮೆದುಳಿನ ರಕ್ತ ಕೆಡತೈತಿ ಅಂತಾರಲ್ರಿ, ಖರೆ ಏನ್ರಿ?" ಅಕ್ಕ ಕೇಳಿದಳು.

ಡಾಕ್ಟರು ಪ್ರಾಮಾಣಿಕರು. "ಹೌದು ಅಂತನೂ ಹೇಳಾಕ ಬರೂದಿಲ್ರಿ, ಇಲ್ಲ ಅಂತನೂ ಹೇಳಾಕ ಬರೂದಿಲ್ರಿ. ನಿಮ್ಮ ಬಿಪಿ ಮಾತ್ರ ಖರೆ ಐತಿ."

ಅಕ್ಕ ಹಿಡಿದುಕೊಂಡದ್ದು 'ಇಲ್ಲ ಅಂತನೂ ಹೇಳಾಕ ಬರೂದಿಲ್ಲ' ಎಂಬ ನಡುವಿನ ಮಾತನ್ನಷ್ಟೇ. ನಾವೆಲ್ಲ ಹಾಗೇ ಅಲ್ಲವೇ?

ಭಾವ ಓಣಿಯವರನ್ನು ಕಟ್ಟಿಕೊಂಡು ಟೆಲಿಫೋನ್ ಆಫೀಸಿಗೆ ಹೋದ. ಸಾಹೇಬ ನಕ್ಕ. "ಫೋನ್ ಬೇಕಂತೀರಿ, ಟವರ್ ಬ್ಯಾಡಂತೀರಿ!" ಹೆದರಿದವರ ಮುಂದೆ ನಗಬಾರದು ಎಂದು ಯಾವ ಟ್ರೇನಿಂಗಿನಲ್ಲೂ ಕಲಿಸುವುದಿಲ್ಲವೇ? ಆ ನಗುವಿಗೇ ಅಕ್ಕನ ಅನುಮಾನ ಗಟ್ಟಿಯಾಯಿತು. ಗಂಡ ಹೆಂಡತಿ ಟವರಿನಿಂದ ದೂರ, ಪಕ್ಕದ ರಬಕವಿಯಲ್ಲಿ ಬಾಡಿಗೆ ಮನೆ ಹಿಡಿದರು.

ಅಲ್ಲಿ ತಲೆಸುತ್ತು ನಿಂತಿತು. ನಾನು ಹೋದಾಗ ರೊಟ್ಟಿ ಬಡಿಯುತ್ತ ನಕ್ಕಳು. "ನೋಡು, ಟವರ್ ಬಿಟ್ಟೆ, ಛಲೋ ಆದೆ. ಗುಳಿಗಿನೂ ಬಿಟ್ಟೇನಿ."

"ಗುಳಿಗಿ ಯಾಕ ಬಿಟ್ಟಿ ಬೇ? ಅದರಿಂದನ ಆರಾಮಾಗಿರಬೇಕು!"

"ರೋಗನ ಇಲ್ಲಂದ್ರ ಗುಳಿಗಿ ಯಾಕಲೇ?"

ಜಗಳವಾಡಿದೆ. ಗೋಗರೆದೆ. ಆಕೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮಾತು ಅಲ್ಲಿಗೆ ಮುಗಿಯಿತು.

ಹೋದ ತಿಂಗಳು ನೀರು ತರುತ್ತಿದ್ದವಳು ಕೊಡದ ಜೊತೆಗೇ ಕುಸಿದಳು. ಲಕ್ವ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಾತು ತಿರುಗಿ ಬರತೈತೇನ್ರಿ?" ಎಂದು ಭಾವ ಕೇಳಿದ. ಅವರು ಅಕ್ಕನ ತೋಳಿಗೆ ಮತ್ತೆ ಬಿಪಿ ಪಟ್ಟಿ ಸುತ್ತಿದರು.

"ಇನ್ನೂ ಮೊದಲ ಆ ಮನಿ ಬಿಡಬೇಕಿತ್ತು" ಎಂದು ಭಾವ ಈಗಲೂ ಅಳುತ್ತಾನೆ. ಟವರು ಏನಾದರೂ ಮಾಡಿತೇ? ನನಗೆ ಗೊತ್ತಿಲ್ಲ. ಗೊತ್ತಿದ್ದವರು ಯಾರೂ ಬನಹಟ್ಟಿಗೆ ಬಂದು ಹೇಳಿಲ್ಲ.

ಮೊನ್ನೆ ಅಕ್ಕನನ್ನು ನೋಡಲು ಹಳೇ ಓಣಿಯ ಹೆಣ್ಣುಮಗಳೊಬ್ಬಳು ಬಂದಳು. "ನನಗೂ ತಲಿ ತಿರಗಾಕತ್ತೈತ್ರಿ ಅಣ್ಣಾರ. ನಾವೂ ಮನಿ ಬದಲ ಮಾಡಾಕತ್ತೇವಿ."

"ಬಿಪಿ ತೋರಿಸಿದ್ರೇನ್ರಿ?"

"ಅದ್ಯಾಕ್ರಿ? ನಮ್ಮ ಮನಿನೂ ಟವರಿನ ಬಾಜೂನ ಐತಲ್ರಿ!"

ಇನ್ನು ಯಾರಿಗೆ ಏನು ಹೇಳಲಿ?